ಕಾಡತೂಸಿನ ಜಿಡ್ಡು, ಹಿತ್ತಾಳೆಯ ಬಿರುಕು

ಬಂದೂಕಿನ ಗುಂಡು ಗುರಿ ಮುಟ್ಟಿದರೆ ಕೀರ್ತಿಯು ಹೊಡೆದವನ ಕಣ್ಣಿಗೆ ಸಲ್ಲುತ್ತದೆ. ತಪ್ಪಿದರೆ ದೂರು ನಳಿಗೆಯ ಮೇಲೆ ಬೀಳುತ್ತದೆ. ಇವೆರಡರ ನಡುವೆ ಇರುವ ಕಾಡತೂಸಿನ ಸುದ್ದಿಯನ್ನು ಎತ್ತುವವರು ಕಡಿಮೆ. ಹೊಡೆದಾದ ಮೇಲೆ ನೆಲಕ್ಕೆ ಬೀಳುವ ಆ ಖಾಲಿ ಕೊಳವೆ ಯಾರಿಗೆ ಬೇಕು? ಆದರೆ ಅದರ ಮೈಗೆ ಹಚ್ಚಿದ ಜಿಡ್ಡು ಒಮ್ಮೆ ಒಂದು ಸಾಮ್ರಾಜ್ಯವನ್ನೇ ಅಲುಗಾಡಿಸಿತು. ಅದರ ಕೊರಳಿಗೆ ಬಿದ್ದ ಬಿರುಕು ಇನ್ನೊಮ್ಮೆ ಲೋಹಶಾಸ್ತ್ರಜ್ಞರನ್ನು ವರ್ಷಾನುಗಟ್ಟಲೆ ಕಾಡಿತು. ಈ ಎರಡು ಸಂಗತಿಗಳೂ ನಡೆದದ್ದು ನಮ್ಮ ದೇಶದಲ್ಲಿಯೇ. ಎರಡರಲ್ಲಿಯೂ ಕಾರಣವು ವಸ್ತುವಿನ ಒಳಗಿಗಿಂತ ಅದರ ನೆರೆಹೊರೆಯಲ್ಲಿ ಅಡಗಿತ್ತೆಂಬುದು ನನ್ನ ಈ ಬರಹದ ತಾತ್ಪರ್ಯ.

ಮೊದಲು ಮಾತಿನ ವಿಚಾರ. ಧಾರವಾಡದ ಕಡೆ ಹಳಬರು ‘ಕಾಡತೂಸು’ ಎನ್ನುತ್ತಾರೆ; ಮಲೆನಾಡಿನಲ್ಲಿ ‘ತೋಟಾ’ ಎಂಬುದು ರೂಢಿ. ಕಾಡಿಗೂ ಕಾಡತೂಸಿಗೂ ಸಂಬಂಧವಿಲ್ಲ. ಪೋರ್ತುಗೀಜರ ‘ಕಾರ್ತೂಶೊ’ ಮರಾಠಿಗೆ ಬಂದು ‘ಕಾಡತೂಸ’ ಆಯಿತು, ಅಲ್ಲಿಂದ ನಮ್ಮ ನಾಲಿಗೆಗೆ ಇಳಿಯಿತು. ಅದರ ಮೂಲಕ್ಕೆ ಹೋದರೆ ಸಿಗುವ ಅರ್ಥ ಕಾಗದದ ಸುರುಳಿ. ಮೊದಮೊದಲು ಕಾಡತೂಸೆಂದರೆ ಅಷ್ಟೇ: ಒಂದು ಹೊಡೆತಕ್ಕೆ ಬೇಕಾದ ಮದ್ದನ್ನೂ ಗುಂಡನ್ನೂ ಕಟ್ಟಿಟ್ಟ ಕಾಗದದ ಪೊಟ್ಟಣ. ಸಿಪಾಯಿಯು ಅದರ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು, ಮದ್ದನ್ನು ನಳಿಗೆಯ ಬಾಯಿಗೆ ಸುರಿದು, ಗುಂಡನ್ನು ಗಜದಿಂದ ಇಡಿದು ಕೆಳಗೆ ಇಳಿಸುತ್ತಿದ್ದ.

ಒಳಮೈ ನುಣುಪಾಗಿದ್ದ ಹಳೆಯ ಬಂದೂಕಿನಲ್ಲಿ ಗುಂಡು ಸಡಿಲವಾಗಿ ಇಳಿಯುತ್ತಿತ್ತು. ಆದ್ದರಿಂದ ಜಿಡ್ಡಿನ ಚಿಂತೆ ಅಷ್ಟಾಗಿ ಇರಲಿಲ್ಲ. ಗುರಿಯ ಭರವಸೆಯೂ ಇರಲಿಲ್ಲ. 1853ರ ಮಾದರಿಯ ಎನ್‌ಫೀಲ್ಡ್ ರೈಫಲು ಬಂದಾಗ ಸ್ಥಿತಿ ಬದಲಾಯಿತು. ಅದರ 0.577 ಅಂಗುಲದ ನಳಿಗೆಯ ಒಳಗೆ ತಿರುಪಿನ ಗೆರೆಗಳು. ಗುಂಡಿನ ಬುಡ ಟೊಳ್ಳು. ಮದ್ದು ಸಿಡಿದಾಗ ಆ ಬುಡ ಅರಳಿ ಗೆರೆಗಳನ್ನು ಹಿಡಿದು, ಬುಗುರಿಯಂತೆ ತಿರುಗುತ್ತ ಹೊರಡುತ್ತಿತ್ತು. ಆದರೆ ಕರಿಮದ್ದು ಉರಿದ ಮೇಲೆ ಮಸಿಯನ್ನು ಬಿಡದೆ ಇರುವುದಿಲ್ಲ. ಹತ್ತಿಪ್ಪತ್ತು ಸಲ ಹೊಡೆದರೆ ಗೆರೆಗಳಲ್ಲಿ ಮಸಿ ಗಟ್ಟಿಯಾಗಿ ಕುಳಿತು ಮುಂದಿನ ಗುಂಡು ಕೆಳಗೆ ಇಳಿಯದು. ಈ ಮಸಿಯನ್ನು ಮೆದುವಾಗಿಡಲು ಕಾಡತೂಸಿನ ಗುಂಡಿರುವ ತುದಿಯನ್ನು ಜಿಡ್ಡಿನಲ್ಲಿ ಅದ್ದುತ್ತಿದ್ದರು. ಜಿಡ್ಡು ಕಾಗದದ ಸಮೇತ ಗುಂಡಿನೊಡನೆ ಇಳಿದು ನಳಿಗೆಯನ್ನು ಒರೆಸುತ್ತ ಹೋಗುತ್ತಿತ್ತು. ಯಂತ್ರದ ದೃಷ್ಟಿಯಿಂದ ಇದು ಜಾಣ ಏರ್ಪಾಡು.

ಆ ಜಿಡ್ಡು ಯಾವುದು? ಇಂಗ್ಲಂಡಿನಲ್ಲಿ ಕೊಬ್ಬು, ಸ್ಟಿಯರಿನ್, ಮೇಣ ಇವುಗಳನ್ನು ಕೂಡಿಸುತ್ತಿದ್ದರು. ಕೊಬ್ಬು ಯಾವ ಪ್ರಾಣಿಯದೆಂಬ ಪ್ರಶ್ನೆ ಅಲ್ಲಿ ಯಾರಿಗೂ ಏಳಲಿಲ್ಲ. 1853ರಲ್ಲಿ ಕೆಲವು ಕಾಡತೂಸುಗಳನ್ನು ಹಿಂದುಸ್ತಾನಕ್ಕೆ ಕಳುಹಿಸಿದರು. ಪರೀಕ್ಷೆಯ ಉದ್ದೇಶ ಒಂದೇ: ನಮ್ಮ ಬಿಸಿಲಿಗೆ ಜಿಡ್ಡು ಕರಗಿಹೋಗುತ್ತದೆಯೋ ಇಲ್ಲವೋ ನೋಡುವುದು. ಆಗ ಸೈನ್ಯದ ಅಡ್ಜುಟಂಟ್ ಜನರಲ್ ಆಗಿದ್ದ ಕರ್ನಲ್ ಟಕರ್ ಎಂಬವರು ಅದೇ ವರ್ಷದ ಡಿಸೆಂಬರಿನಲ್ಲಿ ಮಿಲಿಟರಿ ಬೋರ್ಡಿಗೆ ಒಂದು ಪತ್ರ ಬರೆದರು. ಜಿಡ್ಡು ಜಾತಿಯ ಭಾವನೆಗೆ ನೋವುಂಟುಮಾಡದಂಥದು ಎಂದು ಖಚಿತವಾಗದ ಹೊರತು ದೇಶೀಯ ಪಲ್ಟನ್ನುಗಳಿಗೆ ಇವನ್ನು ಹಂಚಬಾರದೆಂದು ಅದರಲ್ಲಿ ಎಚ್ಚರಿಸಿದ್ದರು. ಜಿಡ್ಡು ಬಿಸಿಲಿಗೆ ಹೇಗೆ ಬಾಳುತ್ತದೆಂಬ ಪರೀಕ್ಷೆ ಸಾಂಗವಾಗಿ ನಡೆಯಿತು. ಸಿಪಾಯಿಯ ಬಾಯಿಗೆ ಅದು ಹೇಗೆ ಒಗ್ಗುತ್ತದೆಂಬ ಪ್ರಶ್ನೆ ಕಾಗದದಲ್ಲಿಯೇ ಉಳಿಯಿತು.

ಮುಂದಿನದು ಸರ್ವವಿದಿತ. 1857ರ ಜನವರಿಯಲ್ಲಿ ಕಲಕತ್ತೆಯ ಹತ್ತಿರದ ಡಂಡಂ ಕಾರಖಾನೆಯಲ್ಲಿ ಒಬ್ಬ ಖಲಾಸಿಯು ಬ್ರಾಹ್ಮಣ ಸಿಪಾಯಿಯೊಬ್ಬನ ತಂಬಿಗೆಯಿಂದ ನೀರು ಕೇಳಿದನೆಂದೂ, ಮೈಲಿಗೆಯಾಗುತ್ತದೆಂದು ಸಿಪಾಯಿ ಒಲ್ಲೆನೆಂದಾಗ, ‘ದನದ ಕೊಬ್ಬು, ಹಂದಿಯ ಕೊಬ್ಬು ಹಚ್ಚಿದ ಕಾಡತೂಸನ್ನು ಕಚ್ಚುವ ನಿನಗೆ ಯಾವ ಮಡಿ?’ ಎಂದು ಹಂಗಿಸಿದನೆಂದೂ ಇತಿಹಾಸಕಾರರು ಹೇಳುತ್ತಾರೆ. ಬೂದಿ ಹಚ್ಚಿ ಫಳಫಳ ಬೆಳಗಿದ ತಂಬಿಗೆ ಒಂದು ಕೈಯಲ್ಲಿ, ಯಾರೂ ಕೇಳಿ ತಿಳಿಯದ ಜಿಡ್ಡಿನ ಕಾಡತೂಸು ಇನ್ನೊಂದು ಕೈಯಲ್ಲಿ. ಆ ಸಿಪಾಯಿಯ ಸಂಕಟ ಇದಕ್ಕಿಂತ ಸ್ಪಷ್ಟವಾಗಿ ಹೇಳಬರುವಂಥದಲ್ಲ.

ಸರಕಾರವು ಅದೇ ಜನವರಿಯ ಕೊನೆಗೆ, ಸಿಪಾಯಿಗಳು ತಮಗೆ ಸರಿತೋರಿದ ಜಿಡ್ಡನ್ನು ತಾವೇ ಹಚ್ಚಿಕೊಳ್ಳಬಹುದೆಂದು ಅಪ್ಪಣೆ ಕೊಟ್ಟಿತು. ಹಲ್ಲಿನಿಂದ ಕಚ್ಚುವ ಬದಲು ಕೈಯಿಂದ ಹರಿಯಬಹುದೆಂದೂ ಆಮೇಲೆ ಹೇಳಿತು. ಆದರೆ ಒಮ್ಮೆ ಸಂಶಯ ಹುಟ್ಟಿದ ಮೇಲೆ ಕಾಗದದ ಹೊಳಪು ಕೂಡ ಕೊಬ್ಬಿನ ಹೊಳಪಾಗಿಯೇ ಕಂಡಿತು. ಫೆಬ್ರುವರಿ 26ರಂದು ಬರ್ಹಾಂಪುರದಲ್ಲಿ 19ನೆಯ ಪಲ್ಟನ್ನು ಕಾಡತೂಸನ್ನು ಒಲ್ಲೆನೆಂದಿತು. ಮಾರ್ಚ್ 29ರಂದು ಬ್ಯಾರಕ್‌ಪುರದಲ್ಲಿ ಮಂಗಲ ಪಾಂಡೆ ಬಂದೂಕು ಎತ್ತಿದ. ಏಪ್ರಿಲ್ 24ರಂದು ಮೀರತ್ತಿನಲ್ಲಿ 90 ಸವಾರರಲ್ಲಿ 85 ಮಂದಿ ಕಾಡತೂಸು ಮುಟ್ಟಲಿಲ್ಲ. ಮೇ 10ರಂದು ಅಲ್ಲಿ ಬೆಂಕಿ ಹತ್ತಿತು. ಬಂಡಾಯಕ್ಕೆ ಕಾಡತೂಸೊಂದೇ ಕಾರಣವೆನ್ನುವುದು ಬಾಲಿಶ. ಕಸಿದುಕೊಂಡ ಸಂಸ್ಥಾನಗಳು, ಏರಿದ ಕಂದಾಯ, ಮುರಿದ ಮಾತು, ಎಲ್ಲವೂ ಇದ್ದವು. ಒಣಗಿದ ಬಣವೆ ಮೊದಲೇ ಇತ್ತು. ಜಿಡ್ಡು ಅದಕ್ಕೆ ಕಿಡಿಯಾಯಿತು. ವಿನೋದವೆಂದರೆ, ಕೆಲವೇ ವರ್ಷಗಳಲ್ಲಿ ಬ್ರಿಟಿಷ್ ಸೈನ್ಯವೇ ಕೊಬ್ಬನ್ನು ಕೈಬಿಟ್ಟು ಜೇನುಮೇಣಕ್ಕೆ ಬಂದಿತು. ಧರ್ಮಕ್ಕಾಗಿ ಅಲ್ಲ, ಯಂತ್ರಕ್ಕಾಗಿ: ಉಷ್ಣಪ್ರದೇಶದಲ್ಲಿ ಕೊಬ್ಬು ನಿಲ್ಲುತ್ತಿರಲಿಲ್ಲ, ಸೀಸದ ಗುಂಡನ್ನೂ ಕೆಡಿಸುತ್ತಿತ್ತು. ಅಂದರೆ ಯಾರ ಮನಸ್ಸನ್ನೂ ನೋಯಿಸದ ಜಿಡ್ಡೇ ಗುರಿಗೂ ಒಳ್ಳೆಯದಾಗಿತ್ತು. ಮೊದಲೇ ಕೇಳಿದ್ದರೆ ಎರಡು ಕೆಲಸ ಒಂದರಲ್ಲಿ ಆಗುತ್ತಿತ್ತು.

ಈ ಗಾಳಿ ನಮ್ಮ ಸೀಮೆಗೂ ಬೀಸಿತು. 1857ರ ಜುಲೈ ಕೊನೆಗೆ ಕೊಲ್ಹಾಪುರದ 27ನೆಯ ಪಲ್ಟನ್ನು ತಿರುಗಿಬಿತ್ತು. ಧಾರವಾಡದಲ್ಲಿದ್ದ 28ನೆಯದು, ಬೆಳಗಾವಿಯಲ್ಲಿದ್ದ 29ನೆಯದು ಇವುಗಳ ಮೇಲೂ ಅಧಿಕಾರಿಗಳಿಗೆ ಸಂಶಯ ಬಂದಿತು. ಆಗ ಸರಕಾರ ಜನರ ಕೈಯಿಂದ ಆಯುಧಗಳನ್ನು ಕಸಿಯಹತ್ತಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಇದಕ್ಕೆ ಒಪ್ಪಲಿಲ್ಲ. ನವೆಂಬರಿನಲ್ಲಿ ಆ ಊರನ್ನೇ ಸುಟ್ಟರು. ಫ್ಲೀಟ್ ಸಾಹೇಬರು ಸಂಗ್ರಹಿಸಿದ ಲಾವಣಿಯ ಮೂಲಕ ಆ ಕಥೆ ಇಂದಿಗೂ ನಮ್ಮಲ್ಲಿ ಜೀವಂತವಾಗಿದೆ. ಮರು ವರ್ಷ ನರಗುಂದದ ಸರದಿ. ದತ್ತಕದ ಹಕ್ಕನ್ನು ನಿರಾಕರಿಸಿದ್ದರಿಂದ ನೊಂದಿದ್ದ ಭಾಸ್ಕರರಾವ ಭಾವೆ, ಅರ್ಥಾತ್ ಬಾಬಾಸಾಹೇಬನ ಕಡೆಯವರು, 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನನ್ನು ಕೊಂದರು. ಜೂನ್ ಮೊದಲಲ್ಲಿ ನರಗುಂದದ ಕೋಟೆ ಬಿತ್ತು. ಅದೇ ತಿಂಗಳಲ್ಲಿ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.

ನರಗುಂದವು ಈಗ ಗದಗ ಜಿಲ್ಲೆಗೆ ಸೇರಿದೆ. ಆದರೆ ಅದೂ ಪಕ್ಕದ ನವಲಗುಂದವೂ ಒಂದೇ ಎರೆಭೂಮಿಯ ಮಕ್ಕಳು. ನವಲಗುಂದ ತಾಲೂಕಿನ ತಿರ್ಲಾಪುರದಂಥ ಊರುಗಳಲ್ಲಿ ಈ ನೆನಪು ಪುಸ್ತಕದಿಂದ ಬಂದದ್ದಲ್ಲ. 1858ರ ಆಮೇಲೆ, ಅದಕ್ಕೂ ಹೆಚ್ಚಾಗಿ 1878ರ ಆಯುಧ ಕಾಯಿದೆಯ ಆಮೇಲೆ, ಈ ಬಯಲುಸೀಮೆಯ ಮನೆಗಳಲ್ಲಿ ಬಂದೂಕು ಅಪರೂಪವಾಯಿತು. ಖಂಡೇನವಮಿಯ ಪೂಜೆಗೆ ಕುಡಗೋಲು, ಕೊಡಲಿ, ಎಲ್ಲೋ ಒಂದೆರಡು ಮನೆಗಳಲ್ಲಿ ಹಿರಿಯರ ಕತ್ತಿ, ಇಷ್ಟೇ ಉಳಿದವು.

ತಿರ್ಲಾಪುರದ ಒಂದು ಮನೆಯಲ್ಲಿ ಅಂಥ ಪೂಜೆಯ ಸಾಲಿನಲ್ಲಿ ನಾನು ಒಂದು ಖಾಲಿ ಕಾಡತೂಸನ್ನು ಕಂಡೆ. ಮನೆಯ ಹಿರಿಯರೊಬ್ಬರು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಪಲ್ಟನ್ನಿನಲ್ಲಿದ್ದರಂತೆ, ಅವರು ತಂದಿಟ್ಟದ್ದು. ಬುಡದಲ್ಲಿ ಕೆ ಎಫ್ ಎಂಬ ಎರಡು ಅಕ್ಷರ: ಪುಣೆಯ ಹತ್ತಿರದ ಕಿರ್ಕಿಯ ಕಾರಖಾನೆಯ ಮುದ್ರೆ. ಅದರ ಕೊರಳಿನಲ್ಲಿ ಕೂದಲೆಳೆಯಷ್ಟು ಸಣ್ಣ ಸೀಳು ಉದ್ದಕ್ಕೆ ಇಳಿದಿತ್ತು. ‘ಇದು ಹೊಡೆದಾಗ ಒಡೆದದ್ದೇ?’ ಎಂದು ನಾನು ಕೇಳಿದೆ. ಮನೆಯ ಹಿರಿಯ ಅಮ್ಮನವರಿಗೆ ಆ ಪ್ರಶ್ನೆಗಿಂತ ಬೆಳಗುವ ವಿಚಾರವೇ ಮುಖ್ಯವಾಗಿತ್ತು. ‘ಸೀಳಿನ ಸುದ್ದಿ ನನಗ ಗೊತ್ತಿಲ್ಲ ತಮ್ಮಾ. ವರ್ಷಕ್ಕೊಮ್ಮೆ ಹುಣಸಿಹಣ್ಣು ಹಚ್ಚಿ ತಿಕ್ಕತೀನಿ. ಬಾಳ ಹೊತ್ತು ಬಿಡಬಾರದು ನೋಡು, ಹಿತ್ತಾಳಿ ಕೆಂಪಾಗತೈತಿ’ ಎಂದರು.

ಆ ಒಂದು ಮಾತಿನಲ್ಲಿ ಅರ್ಧ ಲೋಹಶಾಸ್ತ್ರವಿದೆ. ಕಾಡತೂಸಿನ ಹಿತ್ತಾಳೆಯಲ್ಲಿ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತುವು. ಹುಣಸೆಯ ಹುಳಿ ಮೇಲಿನ ಕಿಲುಬನ್ನು ಕರಗಿಸುತ್ತದೆ. ಆದರೆ ಹುಳಿಯನ್ನು ಮಿತಿಮೀರಿ ಬಿಟ್ಟರೆ ಸತುವು ಮೊದಲು ಹೊರಟುಹೋಗಿ ತಾಮ್ರದ ಕೆಂಪು ಉಳಿಯುತ್ತದೆ. ಕೆಂಪು ಕಂಡಿತೆಂದರೆ ಆ ಜಾಗದಲ್ಲಿ ಲೋಹ ಬಲಗುಂದಿತೆಂದು ತಿಳಿಯಬೇಕು. ನಮ್ಮ ಮನೆಗಳಲ್ಲಿ ಬೂದಿಯಿಂದ ಜಿಡ್ಡು ತೆಗೆದು, ಹುಣಸೆಯಿಂದ ಕಿಲುಬು ತೆಗೆದು, ನೀರಿನಲ್ಲಿ ತೊಳೆದು, ಬಿಸಿಲಿಗೆ ಇಡುವ ಕ್ರಮವುಂಟಲ್ಲ, ಕಾರಖಾನೆಯವರೂ ಇದೇ ಸರಣಿಯನ್ನು ಹಿಡಿದಿದ್ದಾರೆ: ಮೊದಲು ಕ್ಷಾರ, ಆಮೇಲೆ ಆಮ್ಲ, ಕೊನೆಗೆ ನೀರು. ಅಲ್ಲಿ ಹುಣಸೆಯ ಬದಲು ನೀರು ಬೆರೆಸಿದ ಗಂಧಕಾಮ್ಲ, ಅಷ್ಟೇ ಭೇದ.

ಕಾಗದದ ಪೊಟ್ಟಣ ಹಿತ್ತಾಳೆಯ ಕೊಳವೆಯಾದದ್ದು 1866ರ ಸುಮಾರಿಗೆ. ಬ್ರಿಟಿಷ್ ಸೈನ್ಯದ ಬಾಕ್ಸರ್ ಎಂಬ ಅಧಿಕಾರಿ ತೆಳುವಾದ ಹಿತ್ತಾಳೆಯ ತಗಡನ್ನು ಸುರುಳಿ ಸುತ್ತಿ ಕಾಡತೂಸು ಮಾಡಿದ. ಅದು ಬಿಸಿಯಾದ ಬಂದೂಕಿನಲ್ಲಿ ಹರಿದು ಸಿಕ್ಕಿಕೊಳ್ಳುತ್ತಿತ್ತು; 1884-85ರ ಸುಡಾನ್ ದಂಡಯಾತ್ರೆಯಲ್ಲಿ ಈ ದೂರು ಬಹಳವಾಯಿತು. ಆಮೇಲೆ ಒಂದೇ ಬಿಲ್ಲೆಯಿಂದ ಎಳೆದು ಮಾಡಿದ ಗಟ್ಟಿ ಹಿತ್ತಾಳೆಯ ಕಾಡತೂಸು ನೆಲೆಗೊಂಡಿತು. ಕಿರ್ಕಿಯ ಕಾರಖಾನೆ 1869ರಷ್ಟು ಹಳೆಯದು.

ಈ ಎಳೆಯುವ ಕೆಲಸ ನೋಡತಕ್ಕದ್ದು. ಹಿತ್ತಾಳೆಯ ಬಿಲ್ಲೆಯನ್ನು ಬಟ್ಟಲಾಗಿಸುತ್ತಾರೆ. ಬಟ್ಟಲನ್ನು ಅಚ್ಚಿನ ಮೂಲಕ ದೂಡಿ ಉದ್ದಮಾಡುತ್ತಾರೆ. ಒಮ್ಮೆ ಎಳೆದರೆ ಲೋಹ ಪೆಡಸಾಗುತ್ತದೆ. ಅದನ್ನು ಕಾಯಿಸಿ ಹದಗೊಳಿಸಿ, ಕಾಯಿಸಿದಾಗ ಹತ್ತಿದ ಕಪ್ಪನ್ನು ಆಮ್ಲದಲ್ಲಿ ತೊಳೆದು, ಸಾಬೂನಿನ ನೀರು ಸವರಿ, ಮತ್ತೆ ಎಳೆಯುತ್ತಾರೆ. ಶುಚಿಯಿಲ್ಲದಿದ್ದರೆ ಅಚ್ಚಿಗೂ ಕೊಳವೆಗೂ ಗೀರು ಬೀಳುತ್ತದೆ. ಸಾಬೂನಿಲ್ಲದಿದ್ದರೆ ಕೊಳವೆ ಅಚ್ಚಿನಲ್ಲಿ ಕಚ್ಚಿಕೊಂಡು ಹರಿಯುತ್ತದೆ. ಇಷ್ಟೆಲ್ಲ ಯಾಕೆಂದರೆ, ಹೊಡೆದ ಕ್ಷಣದಲ್ಲಿ ಈ ಕೊಳವೆ ಉಬ್ಬಿ ಬಂದೂಕಿನ ಗೂಡನ್ನು ಅಪ್ಪಿ, ಅನಿಲ ಹಿಂದಕ್ಕೆ ಬಾರದಂತೆ ತಡೆದು, ಮರುಕ್ಷಣ ಕುಗ್ಗಿ ಸುಲಭವಾಗಿ ಹೊರಬರಬೇಕು. ಹಿತ್ತಾಳೆಗೆ ಈ ಗುಣ ಚೆನ್ನಾಗಿ ಒಲಿದಿದೆ.

ಈಗ ಬಿರುಕಿನ ಸಂಗತಿ. ಹಿಂದುಸ್ತಾನದ ಬ್ರಿಟಿಷ್ ಸೈನ್ಯಕ್ಕೆ ಮಳೆಗಾಲವೆಂದರೆ ಬಿಡುವು. ಕಾಡತೂಸಿನ ಪೆಟ್ಟಿಗೆಗಳನ್ನು ನೀರು ತಾಗದಿರಲೆಂದು ಕುದುರೆಯ ಲಾಯಗಳಲ್ಲಿ ಇಡುತ್ತಿದ್ದರೆಂದು ಲೋಹಶಾಸ್ತ್ರದ ಪುಸ್ತಕಗಳು ಹೇಳುತ್ತವೆ. ಮಳೆ ನಿಂತು ಪೆಟ್ಟಿಗೆ ತೆರೆದರೆ, ಹೊಡೆಯದ, ಯಾರೂ ಮುಟ್ಟದ ಕಾಡತೂಸುಗಳ ಕೊರಳುಗಳು ತಾವಾಗಿಯೇ ಸೀಳಿರುತ್ತಿದ್ದವು. ಗುಂಡನ್ನು ಬಿಗಿಯಾಗಿ ಹಿಡಿದ ಜಾಗದಲ್ಲಿಯೇ ಸೀಳು ಹೆಚ್ಚು. ಮಳೆಗಾಲದಲ್ಲಿ ಬರುವ ರೋಗವೆಂದು ಇದಕ್ಕೆ ‘ಸೀಸನ್ ಕ್ರ್ಯಾಕಿಂಗ್’ ಎಂಬ ಹೆಸರು ನಿಂತಿತು. ನಾವು ಋತುಬಿರುಕು ಎನ್ನೋಣ. ದೂರು ಋತುವಿನ ಮೇಲೆ ಹೋಯಿತು, ಹವೆಯ ಮೇಲೆ ಹೋಯಿತು.

ನಿಜವಾದ ಕಾರಣ ತಿಳಿದದ್ದು 1921ರಲ್ಲಿ. ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ಮೂವರು ಸಂಶೋಧಕರು ಅದನ್ನು ವಿವರಿಸಿದರು. ಎಳೆದು ಮಾಡಿದ ಹಿತ್ತಾಳೆಯಲ್ಲಿ ಒಂದು ಒಳಬಿಗುವು ಉಳಿದಿರುತ್ತದೆ, ಹೊರಗೆ ಕಾಣುವುದಿಲ್ಲ. ಲಾಯದಲ್ಲಿ ಕುದುರೆಯ ಗಂಜಳ ಕೊಳೆತು ಅಮೋನಿಯಾ ಏಳುತ್ತದೆ. ತೇವದೊಡನೆ ಆ ಅಮೋನಿಯಾ ಹಿತ್ತಾಳೆಯ ಕಣಕಣಗಳ ಸಂದಿನಲ್ಲಿ ಇಳಿದಾಗ, ಮೊದಲೇ ಬಿಗಿದುಕೊಂಡಿದ್ದ ಲೋಹ ಅಲ್ಲಿಯೇ ಬಾಯಿಬಿಡುತ್ತದೆ. ಒಳಬಿಗುವು ಇಲ್ಲದ ಹಿತ್ತಾಳೆಗೆ ಅಮೋನಿಯಾ ಇಷ್ಟು ಕೇಡು ಮಾಡದು. ಅಮೋನಿಯಾ ಇಲ್ಲದ ಕಡೆ ಒಳಬಿಗುವೂ ಇಷ್ಟು ಬೇಗ ಬಿಚ್ಚಿಕೊಳ್ಳದು. ಎರಡೂ ಕೂಡಬೇಕು. ಪರಿಹಾರವೂ ಸರಳ: ಕೊಳವೆಯನ್ನು ಸಿದ್ಧಮಾಡಿದ ಮೇಲೆ ಸಣ್ಣ ಕಾವಿನಲ್ಲಿ ಹದವಾಗಿ ಕಾಯಿಸಿ ಒಳಬಿಗುವನ್ನು ಇಳಿಸುವುದು, ಲಾಯದಿಂದ ದೂರವಿಡುವುದು.

ನಮ್ಮ ಊರುಗಳಿಗೆ ಬರುತ್ತಿದ್ದ ಕಲಾಯಿಯವನನ್ನು ನೆನೆಯಿರಿ. ಪಾತ್ರೆಯನ್ನು ಕುಲುಮೆಯ ಮೇಲೆ ಕಾಯಿಸಿ ನವಸಾಗರದ ಪುಡಿ ಉದುರಿಸುತ್ತಿದ್ದನಲ್ಲ, ಆಗ ಮೂಗಿಗೆ ರಾಚುತ್ತಿದ್ದ ಹೊಗೆಯಲ್ಲಿಯೂ ಇದೇ ಅಮೋನಿಯಾ. ಅಲ್ಲಿ ಅದು ಹಿತ್ತಾಳೆಯನ್ನು ಶುಚಿಮಾಡಿ ತವರ ಅಂಟುವಂತೆ ಮಾಡುತ್ತಿತ್ತು. ಕಾದ ಪಾತ್ರೆಯಲ್ಲಿ ಬಿಗುವು ಉಳಿಯುವುದು ಕಡಿಮೆ. ಹೊಗೆಯ ಸಹವಾಸವೂ ಕ್ಷಣ ಹೊತ್ತಿನದು. ಶುಚಿಮಾಡುವ ಪದಾರ್ಥವೇ ಇನ್ನೊಂದು ಸ್ಥಿತಿಯಲ್ಲಿ ಸೀಳುವ ಪದಾರ್ಥವಾಗುತ್ತದೆ.

ಯೂರೋಪ್, ಅಮೇರಿಕೆಗಳಲ್ಲಿ ಗುರಿಯ ಹವ್ಯಾಸದವರು ಹೊಡೆದ ಕಾಡತೂಸನ್ನು ಆಯ್ದು ಕೈಯಿಂದಲೇ ಮತ್ತೆ ತುಂಬುತ್ತಾರೆ. ನಮ್ಮಲ್ಲಿ 1959ರ ಆಯುಧ ಕಾಯಿದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ; ಆದ್ದರಿಂದ ಇದು ತಿಳಿವಳಿಕೆಗೆ ಮಾತ್ರ. ಅವರ ಅನುಭವವೆಲ್ಲ ಇದೇ ಇತಿಹಾಸದ ಮುಂದುವರಿಕೆಯಾಗಿದೆ. ಕೊರಳಿನ ಮಸಿ ಒಂದರಲ್ಲಿ ಹೆಚ್ಚು, ಒಂದರಲ್ಲಿ ಕಡಿಮೆ ಇದ್ದರೆ ಗುಂಡನ್ನು ಹಿಡಿಯುವ ಬಿಗಿ ಬೇರೆಯಾಗಿ, ಗುಂಡಿನ ವೇಗವೂ ಗುರಿಯೂ ಬೇರೆಯಾಗುತ್ತವೆ. ಅದಕ್ಕೇ ಅಷ್ಟು ತೊಳೆಯುವುದು. ಆದರೆ ಅಮೋನಿಯಾ ಬೆರೆತ ಹಿತ್ತಾಳೆ ಪಾಲಿಶನ್ನು ಅವರು ದೂರವಿಡುತ್ತಾರೆ. ಕುದುರೆಯ ಲಾಯ ಹೋದರೂ ಲಾಯದ ಪಾಠ ಉಳಿದಿದೆ.

ಉಬ್ಬಿದ ಕೊಳವೆಯನ್ನು ಅಚ್ಚಿನಲ್ಲಿ ಒತ್ತಿ ಮೊದಲಿನ ಅಳತೆಗೆ ತರುವಾಗ ಜಿಡ್ಡು ಬೇಕು. ಕಡಿಮೆಯಾದರೆ ಕೊಳವೆ ಅಚ್ಚಿನಲ್ಲಿ ಸಿಕ್ಕಿಕೊಳ್ಳುತ್ತದೆ. ಹೆಚ್ಚಾದರೆ ಜಾಗವಿಲ್ಲದ ಎಣ್ಣೆ ಭುಜದಲ್ಲಿ ತಗ್ಗು ಮಾಡುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ಪೂರ್ತಿ ಒರೆಸಬೇಕು. ಎಣ್ಣೆ ಹತ್ತಿದ ಕಾಡತೂಸು ಬಂದೂಕಿನ ಗೂಡನ್ನು ಹಿಡಿಯಲಾರದೆ ಹಿಂದಕ್ಕೆ ಜಾರಿ ಬಾಗಿಲ ಮೇಲೆ ಭಾರ ಹಾಕುತ್ತದೆ. ಬ್ರಿಟಿಷರು ರೈಫಲಿನ ಬಲವನ್ನು ಪರೀಕ್ಷಿಸುವಾಗ ಒಣ ಕಾಡತೂಸೊಂದನ್ನೂ ಎಣ್ಣೆ ಹಚ್ಚಿದ್ದೊಂದನ್ನೂ ಹೊಡೆಯುತ್ತಿದ್ದುದು ಈ ಕಾರಣದಿಂದಲೇ. ಅಚ್ಚಿನ ಕೆಲಸಕ್ಕೆ ಇಂದು ಬಹಳ ಮಂದಿ ಮೆಚ್ಚಿದ ಜಿಡ್ಡು ಯಾವುದೆನ್ನುತ್ತೀರಿ? ಲ್ಯಾನೊಲಿನ್, ಎಂದರೆ ಕುರಿಯ ಉಣ್ಣೆಯ ಮೇಣ. ಉಣ್ಣೆ ಕತ್ತರಿಸುವ ನಮ್ಮ ಕುರುಬರ ಬೆರಳಿಗೆ ಹತ್ತುವ ಅಂಟು ಇದೇ. 1880ರ ದಶಕದಲ್ಲಿ ಜರ್ಮನಿಯವರು ಅದನ್ನು ಶೋಧಿಸಿ ಹೆಸರಿಟ್ಟರು. ಪ್ರಾಣಿಯನ್ನು ಕೊಲ್ಲದೆ ದೊರೆಯುವ ಜಿಡ್ಡು ಅದು.

ಆಯುಧ ಕಸಿಯದೆ ಬಿಟ್ಟ ಒಂದು ಸೀಮೆಯೂ ನಮ್ಮ ನಾಡಿನಲ್ಲಿದೆ. 1861ರ ಸುಮಾರಿನಿಂದ ಕೊಡಗಿನವರಿಗೆ ಆಯುಧ ಕಾಯಿದೆಯಿಂದ ವಿನಾಯಿತಿ ದೊರೆತಿದೆ. ಸ್ವತಂತ್ರ ಭಾರತದ ಸರಕಾರವೂ ಅದನ್ನು ಮುಂದುವರಿಸಿದೆ. ಪ್ರತಿ ವರ್ಷ ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಅವರು ಕೋವಿಯನ್ನು ಒರೆಸಿ, ಪೂಜಿಸಿ, ನಳಿಗೆಯ ಬಾಯಿಗೆ ತೋಕ್‌ಪೂ ಎಂಬ ಹೂವನ್ನು ಇಡುತ್ತಾರೆ. ಅಲ್ಲಿ ಕೋವಿಯ ಶುಚಿತ್ವ ಮನೆಯ ಪದ್ಧತಿಯಾಗಿ ಉಳಿಯಿತು. ನಮ್ಮ ಎರೆಸೀಮೆಯಲ್ಲಿ ಆ ಅರಿವು ಕೈತಪ್ಪಿತು. ಹಿತ್ತಾಳೆಯ ಅರಿವು ಮಾತ್ರ ಹೆಂಗಸರ ಕೈಯಲ್ಲಿ, ತಂಬಿಗೆ ಕೊಡಗಳ ಮೇಲೆ ಬದುಕಿತು.

ಆಯುಧದ ಇತಿಹಾಸವನ್ನು ಬರೆಯುವವರು ಹೆಚ್ಚಾಗಿ ನಳಿಗೆಯ ಉದ್ದ, ಗುಂಡಿನ ವೇಗ, ಸೇನಾಪತಿಗಳ ಹೆಸರು ಇವನ್ನೇ ಬರೆಯುತ್ತಾರೆ. ನನಗೆ ಈ ಎರಡು ಸಣ್ಣ ಸಂಗತಿಗಳೇ ಹೆಚ್ಚು ಕಲಿಸಿವೆ. ಜಿಡ್ಡನ್ನು ಕೂಡಿಸಿದವರಿಗೆ ಸೀಸವೂ ಮಸಿಯೂ ತಿಳಿದಿದ್ದವು; ಅದನ್ನು ಕಚ್ಚಬೇಕಾದ ಬಾಯಿ ತಿಳಿದಿರಲಿಲ್ಲ. ಹಿತ್ತಾಳೆಯನ್ನು ಎಳೆದವರಿಗೆ ಲೋಹ ತಿಳಿದಿತ್ತು. ಅದನ್ನು ಇಡುವ ಲಾಯ ತಿಳಿದಿರಲಿಲ್ಲ. ಎರಡನೆಯ ಪ್ರಶ್ನೆಯನ್ನು ತಾಳ್ಮೆಯಿಂದ ಕೇಳಿದರು, ಉತ್ತರ ಸಿಕ್ಕಿತು. ಸೈನ್ಯದ ಹೊಸ ಕಾಡತೂಸನ್ನು ನೋಡಿದರೆ ಕೊರಳ ಸುತ್ತ ಕಾಯಿಸಿದ ಬಣ್ಣದ ನೆರಳು ಇಂದಿಗೂ ಕಾಣುತ್ತದೆ. ಹದಗೊಳಿಸಿದ್ದಕ್ಕೆ ಅದು ಸಾಕ್ಷಿ. ಮೊದಲನೆಯ ಪ್ರಶ್ನೆಯನ್ನು 1853ರಲ್ಲಿಯೇ ಒಬ್ಬರು ಎತ್ತಿದ್ದರು. ಆ ಪತ್ರಕ್ಕೆ ಸಿಗಬೇಕಾದ ಕಿವಿ ಸಿಕ್ಕಿದ್ದರೆ ಮೀರತ್ತಿನ ಆ 85 ಮಂದಿ ಯಾವ ಕಾಡತೂಸನ್ನು ನಿರಾಕರಿಸುತ್ತಿದ್ದರು? ಬಂಡಾಯವು ಬೇರೊಂದು ದಾರಿಯಿಂದ ಬರುತ್ತಿತ್ತೇನೋ. ಆದರೆ ಜಿಡ್ಡಿನ ದಾರಿಯಿಂದಂತೂ ಬರುತ್ತಿರಲಿಲ್ಲ.